ಬಾಗಿಲು ತಡೆದ ತಂಗಿಗೆ ಕೊಡದ ಮಾತು

ನನ್ನ ತಂಗಿಯ ಎಡಗಣ್ಣು ಟಗರು ಗುದ್ದಿ ಹೋಯಿತು ಎಂದೇ ನಮ್ಮ ಕಡೆಯವರೆಲ್ಲ ತಿಳಿದಿದ್ದರು. ಕುರಿ ಸಾಕುವ ಮನೆಯಲ್ಲಿ ಅಂಥದ್ದನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ.

ನಿಜ ಬೇರೆ ಇತ್ತು. ಅವಳಿಗೆ ಎರಡು ವರ್ಷ ತುಂಬುವ ಮೊದಲೇ ಆ ಕಣ್ಣಿನ ಪಾಪೆಯೊಳಗೆ ಬೆಳ್ಳಗೆ ಏನೋ ಹೊಳೆಯತೊಡಗಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು, ಕಣ್ಣನ್ನೇ ತೆಗೆದರು. ಮಾಡದಕೆರೆ ಹತ್ತಿರದ ನಮ್ಮ ಹಟ್ಟಿಗೆ ವಾಪಸು ಬರುವಷ್ಟರಲ್ಲಿ ಅಪ್ಪ ಟಗರಿನ ಕಥೆ ಕಟ್ಟಿಕೊಂಡಿದ್ದ. ಕ್ಯಾನ್ಸರ್ ಎಂದರೆ ರಕ್ತದಲ್ಲಿ ಬಂದದ್ದು ಎನ್ನುತ್ತಾರೆ, ಆಮೇಲೆ ಈ ಮನೆಯಿಂದ ಹೆಣ್ಣು ತರುವವರೂ ಇಲ್ಲ, ಈ ಮನೆಗೆ ಹೆಣ್ಣು ಕೊಡುವವರೂ ಇಲ್ಲ ಎಂದು ಅವನಿಗೆ ಭಯ. ನಾನು ಐದು ವರ್ಷ ದೊಡ್ಡವನು. ಯಾವ ಟಗರು ಎಂದು ಯಾರಾದರೂ ಕೇಳಿದರೆ, ಸಂಕ್ರಾಂತಿಗೆ ಮಾರಿದ ಕರಿ ಟಗರು ಎನ್ನಬೇಕೆಂದು ನನಗೂ ಕಲಿಸಿದ.

ತಂಗಿಯೂ ಅದನ್ನೇ ನಂಬಿಕೊಂಡು ಬೆಳೆದಳು. ಅವಳು ದೊಡ್ಡವಳಾಗುವ ಹೊತ್ತಿಗೆ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಕೊನೆಯ ಸಲ ಬೆಂಗಳೂರಿಗೆ ತೋರಿಸಲು ಹೋದ. ಡಾಕ್ಟರು, "ಇನ್ನು ಏನೂ ಆಗಲ್ಲ. ಎಲ್ಲರ ಹಾಗೆ ಬಾಳ್ತಾಳೆ. ಮುಂದೆ ಮದುವೆಯಾಗಿ ಮಗು ಆದ್ರೆ, ಹುಟ್ಟಿದ ಕೂಡ್ಲೆ ಕರ್ಕೊಂಡು ಬಂದು ಅದರ ಕಣ್ಣೊಂದು ತೋರಿಸಿ" ಎಂದರು. ಎಲ್ಲರ ಹಾಗೆ ಬಾಳುತ್ತಾಳೆ ಎಂದದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಕೊನೆಯ ಮಾತು ಮಾತ್ರ ಕೂತುಬಿಟ್ಟಿತು.

ಬಸ್ಸಿನಲ್ಲಿ ಅಪ್ಪ ನಿದ್ದೆ ಹೋದ ಮೇಲೆ ಅವಳು ಮೆಲ್ಲಗೆ ಕೇಳಿದಳು: "ಅಣ್ಣ, ಟಗರು ಗುದ್ದಿದ್ದು ಮಕ್ಕಳಿಗೂ ಬರ್ತೈತಾ?"

ಹಿರಿಯೂರು ದಾಟುವವರೆಗೂ ನಾನು ಕಿಟಕಿಯಾಚೆ ನೋಡುತ್ತಿದ್ದೆ. ಅವಳು ಮತ್ತೆ ಕೇಳಲಿಲ್ಲ. ಆಮೇಲೆ ಟಗರಿನ ಕಥೆಯನ್ನು ನಮಗಿಂತ ಚೆನ್ನಾಗಿ ಅವಳೇ ಹೇಳುತ್ತಿದ್ದಳು, ನಗುತ್ತಾ. ಎಲ್ಲಿ ಹೋದರೂ ಎಡಮಗ್ಗುಲು ಗೋಡೆಗೆ ಬರುವ ಜಾಗ ಹುಡುಕಿ ಕೂರುತ್ತಿದ್ದಳು. ಅವಳಿಗೆ ಸಣ್ಣ ಜ್ವರ ಬಂದರೂ ಅವ್ವ ಅನ್ನ ಬಿಡುತ್ತಿದ್ದಳು. ಬದುಕಿ ಉಳಿದವಳನ್ನು ನಾವು ಇಂದೋ ನಾಳೆಯೋ ಹೋಗುವವಳಂತೆ ನೋಡಿಕೊಂಡೆವು.

ಎಪ್ಪತ್ತನೇ ಇಸವಿ ಕಳೆದು ಒಂದೆರಡು ವರ್ಷಕ್ಕೆ ನನಗೆ ಹೊರಕೆರೆದೇವಪುರದ ಕಡೆಯಿಂದ ಹೆಣ್ಣು ಗೊತ್ತಾಯಿತು. ಅದೇ ಹೊತ್ತಿಗೆ ತಂಗಿಗೂ ಒಂದು ಸಂಬಂಧ ಬಂದಿತ್ತು. ಹುಡುಗ ದುರ್ಗದ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅವಳನ್ನು ನೋಡಿ, ಕಣ್ಣಿನದೇನು ದೊಡ್ಡ ಮಾತಲ್ಲ ಎಂದಿದ್ದನಂತೆ. ಮನೆ ಮಂದಿಯನ್ನು ನೋಡಿದ ಹಾಗೂ ಆಯಿತು ಎಂದು ಅವನ ತಾಯಿ ನನ್ನ ಮದುವೆಗೆ ಬಂದಿದ್ದರು.

ಮದುಮಕ್ಕಳು ಮನೆ ತುಂಬುವಾಗ ಗಂಡಿನ ತಂಗಿ ಬಾಗಿಲು ತಡೆಯುವುದು ನಮ್ಮಲ್ಲಿ ಶಾಸ್ತ್ರ. ನಿನಗೆ ಮಗಳು ಹುಟ್ಟಿದರೆ ನನ್ನ ಮಗನಿಗೆ ಕೊಡು ಎಂದು ಅವಳು ಕೇಳಬೇಕು, ಕೊಡ್ತೀನಿ ಎಂದು ಇವನು ಅನ್ನಬೇಕು. ನಡೆಸಲೇಬೇಕೆಂದೇನೂ ಇಲ್ಲ. ಎಲ್ಲರೂ ಅಂದುಬಿಟ್ಟು ಒಳಗೆ ಹೋಗುತ್ತಾರೆ.

ತಂಗಿ ಹಸಿರು ಸೀರೆ ಉಟ್ಟು, ಎರಡೂ ಕೈ ಬಾಗಿಲಿಗೆ ಅಡ್ಡ ಇಟ್ಟು ನಿಂತಿದ್ದಳು. ಅಂದು ಸೆರಗನ್ನು ಮುಖಕ್ಕೆ ಎಳೆದುಕೊಂಡಿರಲಿಲ್ಲ.

"ಏನಣ್ಣ, ಹೆಣ್ಣು ಹುಟ್ಟಿದ್ರೆ ನನ್ ಮಗನಿಗೆ ಕೊಡ್ತೀಯೋ ಇಲ್ವೋ? ಹೇಳ್ದೆ ಒಳಕ್ಕೆ ಬಿಡಾಕಿಲ್ಲ."

"ನಿನ್ ಮಗ ಎಲ್ಲವ್ನೆ, ಮೊದ್ಲು ತೋರ್ಸೇ" ಎಂದಳು ನಮ್ಮ ಸೋದರತ್ತೆ.

"ಬರ್ತಾನೆ ಬಿಡಕ್ಕ, ದುರ್ಗದ ಮಿಲ್ಲಿಂದ" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ಹುಡುಗನ ತಾಯಿಯೂ ನಕ್ಕರು. ತಂಗಿಯ ಮುಖ ಕೆಂಪಾಯಿತು. ಆದರೂ ಅವಳು ಕೈ ತೆಗೆಯಲಿಲ್ಲ.

ಇನ್ನೂ ಹುಟ್ಟದ ಮಗಳು, ಇನ್ನೂ ಹುಟ್ಟದ ಅಳಿಯ, ಅವರಿಗೊಂದು ಕೂಸು, ಅದರ ಕಣ್ಣೊಳಗೆ ಆ ಬಿಳುಪು. ಇಷ್ಟೇ ನನ್ನ ತಲೆಯಲ್ಲಿ.

"ಹೂಂ ಅನ್ನೋ, ಬಿಸ್ಲಾಗೆ ನಿಂತೀವಿ" ಎಂದು ಅತ್ತೆ ಬೆನ್ನಿಗೆ ತಿವಿದಳು. ನಾನು ತಲೆ ತಗ್ಗಿಸಿ ನಿಂತೆ. ನಗು ನಿಂತಿತು. ಪಕ್ಕದಲ್ಲಿದ್ದ ಮದುಮಗಳು ನನ್ನ ಮುಖ ನೋಡಿದಳು.

ಕೊನೆಗೆ ತಂಗಿಯೇ ಕೈ ಇಳಿಸಿದಳು. "ಹೋಗ್ಲಿ ಬಿಡು, ಸುಸ್ತಾಗೈತೆ ಅವನಿಗೆ. ಅತ್ತಿಗೆ, ಸೇರು ಒದ್ದು ಬಲಗಾಲಿಟ್ಟು ಬಾ" ಎಂದಳು.

ಊಟ ಮುಗಿಸಿ ಹೊರಡುವಾಗ ಹುಡುಗನ ತಾಯಿ ಅಪ್ಪನನ್ನು ಕೇಳಿದರು. ದನಿ ಏರಿಸಲಿಲ್ಲ. "ಯಜಮಾನ್ರೇ, ಟಗರು ಗುದ್ದಿ ಹೋದ ಕಣ್ಣಾದ್ರೆ, ಬಾಯ್ಮಾತಿಗೆ ಹೂಂ ಅನ್ನಾಕೆ ಒಡಹುಟ್ಟಿದೋನು ಯಾಕೆ ಹೆದರಿದ?" ಆ ಸಂಬಂಧ ಅಲ್ಲಿಗೇ ಮುರಿಯಿತು. ಮಾತು ಹೊಳಲ್ಕೆರೆಯವರೆಗೂ ಹರಡಿತು. ಬೇರೆ ಸಂಬಂಧ ಬರಲಿಲ್ಲ.

ಗಂಟಲು ಒಣಗಿತ್ತು ಎಂದು ನಾನು ಮನೆಯಲ್ಲಿ ಹೇಳಿದೆ. ತಂಗಿ ಒಂದೇ ಒಂದು ಸಲ, ಕೊಟ್ಟಿಗೆ ಗುಡಿಸುತ್ತಾ ಹೇಳಿದಳು: "ನಾನೇನು ನಿಜವಾಗ್ಲೂ ಕೇಳಿದ್ನಾ ಅಣ್ಣ? ಸುಮ್ಕೆ ಅಂದಿದ್ರೆ ಆಗ್ತಿತ್ತು." ಅವಳು ಬೈದಿದ್ದರೆ ಕಾಲು ಹಿಡಿಯುತ್ತಿದ್ದೆನೋ ಏನೋ. ಬೈಯಲಿಲ್ಲವಲ್ಲ, ಅದನ್ನೇ ನೆಪ ಮಾಡಿಕೊಂಡು ಎಮ್ಮೆ ಬಿಚ್ಚಿಕೊಂಡು ಹೊರಟೆ.

ಎರಡು ವರ್ಷಕ್ಕೆ ನನಗೆ ಮಗಳು ಹುಟ್ಟಿದಳು. ಹೆಂಡತಿ ಹೊಲಕ್ಕೆ ಹೋದಾಗ ತಂಗಿಯೇ ಎತ್ತಿ ಆಡಿಸುತ್ತಿದ್ದಳು. ನಾನು ಆಡಿಸುವ ನೆಪದಲ್ಲಿ ಮಗುವನ್ನು ಅಂಗಳಕ್ಕೆ ತಂದು, ಬಿಸಿಲಿಗೆ ಮುಖ ತಿರುಗಿಸಿ ಕಣ್ಣೊಳಗೆ ಇಣುಕುತ್ತಿದ್ದೆ. ಯಾರೂ ನೋಡಿಲ್ಲ ಎಂದುಕೊಂಡಿದ್ದೆ.

ಒಂದು ಬೆಳಗ್ಗೆ ತಂಗಿ ತಾನೇ ಕೂಸನ್ನು ತಂದು ನನ್ನ ಮುಂದೆ ಹಿಡಿದಳು. "ನೋಡ್ಕೋ. ಎರಡೂ ಕರ್ರಗೆ ಚೆನ್ನಾಗವೆ. ನಾನೂ ದಿನಾ ನೋಡ್ತೀನಿ" ಎಂದಳು.

ಅವಳ ಮುಖ ನೋಡಲಾಗದೆ ಕೂಸನ್ನು ಈಸಿಕೊಂಡೆ. ಅಂದಿಗಾದರೂ ಅದರ ಕಣ್ಣೊಳಗೆ ನೋಡುವುದು ಬಿಡಬೇಕಿತ್ತು. ಬಿಡಲಿಲ್ಲ. ಅವಳು ನೀರಿಗೆ ಹೋದಾಗ ನೋಡುತ್ತಿದ್ದೆ.