ಒಕ್ಸಾನಾ ಆಂಟಿಯ ಮೊಟ್ಟೆ

ದೋಹಾದ ಅಲ್ ಮನ್ಸೂರಾದಲ್ಲಿರುವ ಮಗಳ ಮನೆಯಲ್ಲಿ ನಾನು ಶುಕ್ರವಾರಗಳಂದು ಕನ್ನಡ ಪಾಠಶಾಲೆ ನಡೆಸುತ್ತಿದ್ದೇನೆ. ವಿದ್ಯಾರ್ಥಿ ಒಬ್ಬಳೇ, ಮೊಮ್ಮಗಳು ರೆನಿಟಾ. ಅವಳೂ ಇವತ್ತು ಗೈರುಹಾಜರು. ಈಸ್ಟರ್ ಹತ್ತಿರ ಬಂತೆಂದು ಕೆಳಗಿನ ಮನೆಯ ಒಕ್ಸಾನಾ ಎಂಬ ಉಕ್ರೇನಿನ ಮಹಾತಾಯಿ ಕಟ್ಟಡದ ಮಕ್ಕಳಿಗೆಲ್ಲ ತನ್ನೂರಿನ ಮೊಟ್ಟೆಚಿತ್ರ ಕಲಿಸುತ್ತಿದ್ದಾಳಂತೆ. ಶಿಷ್ಯೆಯನ್ನು ಬಿಡಿಸಿ ತರಲು ದಂಡೆತ್ತಿ ಹೋದೆ.

ಮೊಟ್ಟೆಯ ಮೇಲೆ ಕರಗಿದ ಮೇಣದಿಂದ ಗೆರೆ ಎಳೆದು ಬಣ್ಣಕ್ಕೆ ಅದ್ದುವುದು. ಗೆರೆ ಬಿಳಿಯಾಗಿಯೇ ಉಳಿಯುತ್ತದೆ. ಒಂದೊಂದು ಗೆರೆಗೂ ಆಕೆ ತನ್ನ ಅಜ್ಜಿಯ ಹೊಲದ ಒಂದೊಂದು ಕತೆ ಹೇಳುತ್ತಿದ್ದಳು. ನನ್ನ ಕಾಗುಣಿತಕ್ಕೆ ಆಕಳಿಸುವ ರೆನಿಟಾ ಬಾಯಿ ಬಿಟ್ಟು ಕೇಳುತ್ತಿದ್ದಳು. ನಾನು ಬೇಕೆಂದೇ ಜೋರಾಗಿ ಕೆಮ್ಮಿದೆ.

“ನಿಮ್ಮೂರಲ್ಲಿ ಮೊಟ್ಟೆಯಿಂದ ಏನು ಮಾಡುತ್ತೀರಿ?” ಒಕ್ಸಾನಾ ಇಂಗ್ಲಿಷಿನಲ್ಲಿ ಕೇಳಿದಳು.

“ಆಮ್ಲೆಟ್,” ಎಂದೆ, ಗಂಭೀರವಾಗಿ.

ಮಕ್ಕಳೆಲ್ಲ ನಕ್ಕರು. ಹೋದ ಮರ್ಯಾದೆ ತರಲು ನಮ್ಮ ಉಡುಪಿ ಕಡೆಯ ತೆನೆಹಬ್ಬವನ್ನು ವರ್ಣಿಸಿದೆ: ಮಕ್ಕಳು ಏಸುವಿನ ತಾಯಿ ಮರಿಯಮ್ಮನಿಗೆ ಹೂ ಎರಚುವುದು, ಹೊಸ ತೆನೆಯ ಅಕ್ಕಿಯನ್ನು ಹಾಲಿಗೆ ಹಾಕಿ ಮನೆಮಂದಿಯೆಲ್ಲ ಒಟ್ಟಿಗೆ ಕುಡಿಯುವುದು.

“ಅಜ್ಜಾ, ಇದೆಲ್ಲ ನಂಗ್ಯಾಕೆ ಹೇಳ್ಲಿಲ್ಲ? ಯಾವಾಗ್ಲೂ ಬರೇ ಕ, ಕಾ, ಕಿ!” ಎಂದ ರೆನಿಟಾ ಹೊಸ ಮೊಟ್ಟೆಯೊಂದನ್ನು ಎತ್ತಿಕೊಂಡು ತೆನೆ ಬರೆಯತೊಡಗಿದಳು.

“ಸ್ವಲ್ಪ ಬಗ್ಗಿಸು ಮಗಾ. ಕಾಳು ತುಂಬಿದ ತೆನೆ ಸಿಪಾಯಿಯ ಹಾಗೆ ನೆಟ್ಟಗೆ ನಿಲ್ಲುವುದಿಲ್ಲ.”

ಬಗ್ಗಿಸಿದಳು. ಬಣ್ಣಕ್ಕೆ ಅದ್ದಿ, ಮೇಣದಬತ್ತಿಯ ಉರಿಗೆ ಹಿಡಿದು ಮೇಣ ಕರಗಿಸಿ ಒರೆಸಿದಾಗ ಸಾಕ್ಷಾತ್ ನಮ್ಮ ಗದ್ದೆಯದ್ದೇ ತೆನೆ. ನಾನು ಕೈ ಚಾಚಿದೆ.

“ಇದು ಒಕ್ಸಾನಾ ಆಂಟಿಗೆ,” ಎಂದಳು.

ಚಾಚಿದ ಕೈ ವ್ಯರ್ಥವಾಗುವುದು ಬೇಡವೆಂದು ಮೇಣದಬತ್ತಿ ಆರಿಸಿದೆ.