ಬೆರಳು ಜಾರುವ ಬಗೆ: ವಿದುಷಿ ಗಿರಿಜಾಂಬಾ ಅವರ ಹುಡುಕಾಟ

ಮೈಸೂರಿನಲ್ಲಿ ವೀಣೆ ಬಲ್ಲವರಿಗೆ ಎಂದೂ ಕೊರತೆಯಿರಲಿಲ್ಲ. ಅರಮನೆಯ ಕಾಲದಿಂದಲೂ ಮನೆಮನೆಯಲ್ಲಿ ನುಡಿಯುತ್ತ ಬಂದಿರುವ ಈ ವಾದ್ಯದ ಬಗ್ಗೆ ಹೊಸದಾಗಿ ಕೇಳಬೇಕಾದ ಪ್ರಶ್ನೆ ಯಾವುದೂ ಉಳಿದಿಲ್ಲವೆಂಬ ನೆಮ್ಮದಿಯೂ ಇಲ್ಲಿನವರಿಗೆ ಸಹಜವಾಗಿಯೇ ಬಂದುಬಿಟ್ಟಿದೆ. ಇಂಥ ಊರಿನಲ್ಲಿದ್ದುಕೊಂಡು, ನುಡಿಸುವವರ ಎಡಗೈ ಬೆರಳು ತಂತಿಯ ಮೇಲೆ ಜಾರುವಾಗ ನಿಜವಾಗಿ ಏನು ನಡೆಯುತ್ತದೆ ಎಂಬ ಒಂದು ಪ್ರಶ್ನೆಯ ಬೆನ್ನನ್ನು ವರ್ಷಗಟ್ಟಲೆ ಬಿಡದೆ ಹಿಡಿದವರು ವಿದುಷಿ ಶ್ರೀಮತಿ ಗಿರಿಜಾಂಬಾ ಅವರು. ಕಛೇರಿ ಕಲಾವಿದೆಯರಾಗಿ ಅವರಿಗಿಂತ ಹೆಸರಾದವರು ಊರಿನಲ್ಲಿದ್ದಾರೆ. ಇದನ್ನು ಮುಚ್ಚಿಡುವ ಅಗತ್ಯ ಅವರಿಗೂ ಎಂದೂ ಕಂಡಿಲ್ಲ. ಆದರೆ ಶಿಷ್ಯೆಯೊಬ್ಬಳ ಬೆರಳು ತಂತಿಗೆ ಅಂಟಿಕೊಂಡಾಗ ಅವಳನ್ನು ಗದರಿಸುವ ಬದಲು ಆ ಬೆರಳನ್ನೂ ಆ ತಂತಿಯನ್ನೂ ಬೆಳಕಿಗೆ ಹಿಡಿದು ನೋಡಿದ ಗುರುಗಳು ಎಷ್ಟು ಮಂದಿ ಇದ್ದಾರೆಂದು ಹೇಳುವುದು ಕಷ್ಟ.

ಎಪ್ಪತ್ತರ ದಶಕದ ಕೊನೆಯಲ್ಲಿ ನಗರದ ಮಹಿಳಾ ಕಾಲೇಜೊಂದರ ಸಂಗೀತ ವಿಭಾಗವನ್ನು ಸೇರಿದ ಗಿರಿಜಾಂಬಾ ಅವರು ಈಗ, ೨೦೦೮ರಲ್ಲಿ, ಅದೇ ವಿಭಾಗದಿಂದ ನಿವೃತ್ತರಾಗುತ್ತಿದ್ದಾರೆ. ಅವರ ತಾತ ಅರಮನೆಯ ವಾದ್ಯಗಾರರ ಸಾಲಿನಲ್ಲಿ ಕುಳಿತು ನುಡಿಸಿದವರು. ಜಯಲಕ್ಷ್ಮಿಪುರದ ಮನೆಯಲ್ಲಿ ಆ ತಾತನ ವೀಣೆ ಇಂದಿಗೂ ಇದೆ. ಅದನ್ನು ಮನೆಯವರಲ್ಲದೆ ಬೇರೆ ಯಾರೂ ನುಡಿಸಬಾರದು, ಅದು ಹೊಸಲು ದಾಟಬಾರದು ಎಂಬುದು ಆ ಮನೆಯಲ್ಲಿ ನಡೆದುಬಂದಿದ್ದ ಕಟ್ಟಳೆ. ಹಾಸ್ಟೆಲಿನ ಹುಡುಗಿಯರಿಗೆ ಅಭ್ಯಾಸಕ್ಕೆ ಜಾಗವಿಲ್ಲವೆಂದು ತಿಳಿದಾಗ ತಮ್ಮ ಮನೆಯ ಮುಂದಿನ ಕೋಣೆಯನ್ನೇ ಬಿಟ್ಟುಕೊಟ್ಟವರು, ಚಳಿಗಾಲದ ಬೆಳಗಿನ ತರಗತಿಗೆ ಬರುವವರ ಕೈ ಸೆಟೆದುಕೊಳ್ಳದಿರಲೆಂದು ಫ್ಲಾಸ್ಕಿನಲ್ಲಿ ಬಿಸಿನೀರು ತರುತ್ತಿದ್ದವರು, ಆ ವೀಣೆಯ ವಿಷಯದಲ್ಲಿ ಮಾತ್ರ ಯಾರಿಗೂ ಸಲಿಗೆ ಕೊಟ್ಟಿರಲಿಲ್ಲ.

ವೀಣೆ ನುಡಿಸುವವರು ಪಕ್ಕದಲ್ಲೊಂದು ಪುಟ್ಟ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಇಟ್ಟುಕೊಳ್ಳುವುದು ಎಲ್ಲರೂ ಕಂಡಿರುವ ವಿಷಯ. ಎಡಗೈಯ ತೋರುಬೆರಳಿಗೂ ನಡುಬೆರಳಿಗೂ ಆ ಎಣ್ಣೆ ಸೋಕಿದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳು ತಡೆಯಿಲ್ಲದೆ ಸಾಗುತ್ತದೆ. ಇಲ್ಲವಾದರೆ ತಂತಿ ಚರ್ಮವನ್ನು ಹಿಡಿದು ‘ಕಿರ್’ ಎನ್ನುತ್ತದೆ. ೧೯೯೫ರಲ್ಲಿ ಅಕ್ಷತಾ ಎಂಬ ವಿದ್ಯಾರ್ಥಿನಿ ಬಿ.ಎ.ಗೆ ಬಂದು ವೀಣೆಯನ್ನು ಆರಿಸಿಕೊಳ್ಳುವವರೆಗೆ ಈ ಪದ್ಧತಿಯನ್ನು ಗಿರಿಜಾಂಬಾ ಅವರೂ ಪ್ರಶ್ನಿಸಿದವರಲ್ಲ. ಅಕ್ಷತಾಳ ಶ್ರುತಿಜ್ಞಾನ ಅಪರೂಪದ್ದಾಗಿತ್ತು. ಆದರೆ ಅವಳ ಅಂಗೈ ಸದಾ ಬೆವರುತ್ತಿತ್ತು. ಎಣ್ಣೆ ಹಚ್ಚಿದರೆ ಬೆವರಿನ ಮೇಲೆ ಎಣ್ಣೆ ನಿಲ್ಲುತ್ತಿರಲಿಲ್ಲ. ಬೆರಳು ಜಾರಬೇಕಾದಲ್ಲಿ ಅಂಟುತ್ತಿತ್ತು, ನಿಲ್ಲಬೇಕಾದಲ್ಲಿ ಜಾರುತ್ತಿತ್ತು. ಸಾಲದ್ದಕ್ಕೆ ಅವಳ ತಂದೆ ರುದ್ರಸ್ವಾಮಿಯವರದು ಚಾಮರಾಜಪುರದಲ್ಲಿ ಎಣ್ಣೆ ಅಂಗಡಿ. ತರಗತಿಯಲ್ಲಿ ನಗೆಯೇಳಲು ಇಷ್ಟು ಸಾಕಾಗಿತ್ತು.

“ಎಣ್ಣೆ ಅಂಗ್ಡಿ ಮಗಳಿಗೇ ಬೆರಳು ಜಾರಲ್ವಂತೆ ಕಣೇ!” ಎಂದು ಹುಡುಗಿಯರು ಅವಳೆದುರಿಗೇ ಆಡಿಕೊಳ್ಳುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ಎರಡನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರಾದ ವಿದ್ವಾನ್ ವೆಂಕಟಸುಬ್ಬಯ್ಯನವರು ಅವಳನ್ನು ಅನುತ್ತೀರ್ಣಗೊಳಿಸಿ, “ಈ ಕೈ ವೀಣೆಗೆ ಆಗಿಬರೋದಲ್ಲ ಕಣಮ್ಮ, ಹಾಡೋಕೆ ಹೋಗು,” ಎಂದಾಗ ಅವಳು ನಗಲಿಲ್ಲ. ಇನ್ನೊಂದೇ ಅವಕಾಶವಿತ್ತು. ಮುಂದಿನ ಬೇಸಿಗೆಯಲ್ಲಿ ಮತ್ತೆ ಸೋತರೆ ವೀಣೆಯನ್ನು ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳಬೇಕಾಗಿತ್ತು.

ಅಂದು ಸಂಜೆ ರುದ್ರಸ್ವಾಮಿಯವರು ಕಾಲೇಜಿಗೆ ಬಂದರು. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿಹೋಗಿತ್ತು. ಬೆವರುವ ಆ ಕೈಯನ್ನು ಮಗಳು ಯಾರಿಂದ ಪಡೆದಳೆಂಬುದು ಗಿರಿಜಾಂಬಾ ಅವರಿಗೆ ಆಗಲೇ ತಿಳಿಯಿತು. “ಮೇಡಂ, ನಮ್ಮಂಗ್ಡೀಲಿ ಇಲ್ದಿರೋ ಎಣ್ಣೆ ಇಲ್ಲ. ಯಾವ್ದು ಬೇಕೋ ಯೋಳಿ, ಕಳಿಸ್ಕೊಡ್ತೀನಿ. ಮಗೀನ ಅಂಗೇ ಕೈ ಬುಟ್ಬುಡಬ್ಯಾಡಿ,” ಎಂದರು.

ಬೇರೆಯವರಾಗಿದ್ದರೆ ಸಮಾಧಾನದ ಎರಡು ಮಾತಾಡಿ ಕಳಿಸುತ್ತಿದ್ದರೇನೋ. ಗಿರಿಜಾಂಬಾ ಅವರಿಗೆ ಅದೊಂದು ಆಹ್ವಾನದಂತೆ ಕೇಳಿಸಿತು. ಮರುವಾರದಿಂದ ವಿಭಾಗದ ಕಿಟಕಿಯಲ್ಲಿ ಸೀಸೆಗಳು ಸಾಲುಗಟ್ಟಿ ನಿಂತವು. ಹರಳೆಣ್ಣೆ ಹಚ್ಚಿದರೆ ಬೆರಳು ಬೆಲ್ಲದ ಪಾಕದಲ್ಲಿ ನಡೆದಂತೆ ನಡೆಯಿತು. ಎಳ್ಳೆಣ್ಣೆ ಸ್ವಲ್ಪ ಹೊತ್ತು ಚೆನ್ನಾಗಿದ್ದು ಆಮೇಲೆ ಅಂಟಾಯಿತು. ಸಾಸಿವೆ ಎಣ್ಣೆಯ ವಾಸನೆಗೆ ಪಕ್ಕದ ಕೋಣೆಯಿಂದ ದೂರು ಬಂತು. ಪರಿಮಳದ ತಲೆಗೂದಲೆಣ್ಣೆ, ಮುಖಕ್ಕೆ ಹಚ್ಚುವ ಪೌಡರು, ಕೊನೆಗೆ ವಿಭೂತಿ ಕೂಡ ಪರೀಕ್ಷೆಗೆ ಒಳಪಟ್ಟವು. ಸಸ್ಯಶಾಸ್ತ್ರದ ಉಪನ್ಯಾಸಕಿ ಕಮಲ ಅವರು ಸ್ಟಾಫ್ ರೂಮಿನಲ್ಲಿ, “ಏನ್ರೀ ಗಿರಿಜಾ, ಇವತ್ತು ಯಾವ ಎಣ್ಣೇಲಿ ಒಗ್ಗರಣೆ?” ಎಂದು ಕೇಳುವುದು ವಾಡಿಕೆಯಾಯಿತು.

“ನಗ್ಬೇಡ್ರೀ. ನನಗೊಂದು ಅನುಮಾನ ಬಂದಿದೆ,” ಎಂದರು ಗಿರಿಜಾಂಬಾ. ಅಕ್ಷತಾ ಬೇರೆಯವರ ವೀಣೆ ನುಡಿಸಿದಾಗ ಮೊದಲ ಒಂದೆರಡು ದಿನ ಬೆರಳು ಸಲೀಸಾಗಿ ಜಾರುವುದನ್ನು ಅವರು ಗಮನಿಸಿದ್ದರು. ಬೆವರು ಅದೇ, ಚರ್ಮ ಅದೇ, ಬೇರೆಯಾದದ್ದು ತಂತಿಯೊಂದೇ. “ನಾವೆಲ್ಲ ಇಷ್ಟು ದಿನ ಬೆರಳನ್ನೇ ನೋಡ್ತಿದ್ವಿ. ತಂತೀನ ಯಾರು ನೋಡಿದ್ದಾರೆ ಹೇಳಿ?”

ಸಸ್ಯಶಾಸ್ತ್ರ ವಿಭಾಗದಲ್ಲಿ ಹೂವಿನ ಒಳಭಾಗಗಳನ್ನು ನೋಡಲು ಇದ್ದ ಸೂಕ್ಷ್ಮದರ್ಶಕದ ಕೆಳಗೆ ಎರಡು ತುಂಡು ತಂತಿಗಳನ್ನಿಟ್ಟು, ಮೇಲಿನಿಂದ ಮೇಜಿನ ದೀಪ ಹಿಡಿದು ಆ ಇಬ್ಬರು ಹೆಂಗಸರು ನೋಡಿದ್ದು ವೀಣೆಯ ಮಟ್ಟಿಗೆ ಸಣ್ಣ ಸಂಗತಿಯೇನಲ್ಲ. ಒಂದು ಗಿರಿಜಾಂಬಾ ಅವರು ತಾತನ ವೀಣೆಯಲ್ಲಿ ತಿಂಗಳುಗಟ್ಟಲೆ ನುಡಿಸಿದ ತಂತಿ; ಮಂಜಿನ ಬೆಳಗಿನಲ್ಲಿ ಕಾಣುವ ನುಣುಪಾದ ರಸ್ತೆಯ ಹಾಗಿತ್ತು. ಇನ್ನೊಂದು ಅಕ್ಷತಾ ವಾರವಷ್ಟೇ ನುಡಿಸಿದ್ದು. ಅದರ ಮೈಯೆಲ್ಲ ಹಲಸಿನ ಸಿಪ್ಪೆಯಂತೆ ಮುಳ್ಳುಮುಳ್ಳಾಗಿ, ನಡುನಡುವೆ ಕಂದುಗುಳಿಗಳು ಬಿದ್ದಿದ್ದವು. ಬೆವರಿನ ಉಪ್ಪು ಉಕ್ಕನ್ನು ತಿನ್ನುತ್ತಿತ್ತು. ಬೆರಳನ್ನು ಹಿಡಿದು ನಿಲ್ಲಿಸುತ್ತಿದ್ದುದು ಆ ತುಕ್ಕು.

“ಅಯ್ಯೋ, ಪಾಪ ಆ ಹುಡುಗಿ ಗರಗಸದ ಮೇಲೆ ನುಡಿಸ್ತಿದ್ಲಲ್ರೀ!” ಎಂದರು ಕಮಲ.

ಆ ಸಂತೋಷದಲ್ಲಿ ಗಿರಿಜಾಂಬಾ ಅವರು ಎರಡು ತಪ್ಪು ಮಾಡಿದರು. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಇದನ್ನು ಬರೆಯುವುದು ಸರಿಯೇ ಎಂದು ಕೇಳಿದಾಗ, ಇದನ್ನು ಬಿಟ್ಟು ಮಿಕ್ಕಿದ್ದನ್ನು ಬರೆದರೆ ತಾವು ಓದುವುದಿಲ್ಲವೆಂದು ಅವರೇ ಅಂದಿದ್ದರಿಂದ ಇಲ್ಲಿ ಸೇರಿಸಲಾಗಿದೆ. ಮೊದಲನೆಯದು, ತರಗತಿಯ ಹುಡುಗಿಯರನ್ನೆಲ್ಲ ಕರೆದು ಆ ತಂತಿಗಳನ್ನು ತೋರಿಸಿದ್ದು. ನೋಡಿದವರಿಗೆ ಜ್ಞಾನವೇನೋ ಬಂತು. ಜೊತೆಗೆ, ಅಕ್ಷತಾ ಮುಟ್ಟಿದ ವೀಣೆ ಹಾಳಾಗುತ್ತದೆ ಎಂಬ ಮಾತೂ ಹುಟ್ಟಿತು. ಅಲ್ಲಿಂದ ಮುಂದೆ ಯಾರೂ ಅವಳಿಗೆ ತಮ್ಮ ವೀಣೆಯನ್ನು ಕೊಡಲಿಲ್ಲ. ಎರಡನೆಯದು, ತುಕ್ಕು ತಡೆಯಲು ಹೊಲಿಗೆ ಯಂತ್ರದ ಎಣ್ಣೆಯನ್ನು ಆರಿಸಿಕೊಂಡದ್ದು. ಮನೆಯ ಹೊಲಿಗೆ ಯಂತ್ರದ ಸೂಜಿಗೆ ಎಂದೂ ತುಕ್ಕು ಹಿಡಿದಿಲ್ಲವಲ್ಲ ಎಂಬುದು ಅವರ ತರ್ಕ. ಅಕ್ಷತಾ ಅಭ್ಯಾಸ ಮಾಡುತ್ತಿದ್ದ ವಿಭಾಗದ ವೀಣೆಗೆ ಹತ್ತಿಯಲ್ಲಿ ಅದ್ದಿ ಸವರಿದರು. ಬೆರಳು ಹಾವಿನಂತೆ ಸರಿಯತೊಡಗಿತು. ಅವಳ ಭೈರವಿಯಲ್ಲಿ ಮೊದಲ ಬಾರಿಗೆ ‘ಕಿರ್’ ಸದ್ದಿಲ್ಲದೆ ನಿಷಾದ ಓಲಾಡಿತು. ಹಿಗ್ಗಿದ ಗುರುಗಳು ವಿಭಾಗದ ಇನ್ನೊಂದು ವೀಣೆಗೂ ಅದೇ ಎಣ್ಣೆ ಹಚ್ಚಿದರು. ದಿನವೂ ಹಚ್ಚಿದರು.

ವೀಣೆಯಲ್ಲಿ ತಂತಿಯ ಕೆಳಗೆ ಅಡ್ಡಲಾಗಿ ನಿಲ್ಲುವ ಸ್ವರದ ಮೆಟ್ಟಿಲುಗಳನ್ನು ಕೂರಿಸಿರುವುದು ಮೇಣದ ಮೇಲೆ ಎಂಬುದು ಅವರಿಗೆ ತಿಳಿಯದ್ದಲ್ಲ. ತಂತಿಯಿಂದ ತೊಟ್ಟಿಕ್ಕಿದ ಯಂತ್ರದೆಣ್ಣೆ ಆ ಮೇಣವನ್ನು ಒಳಗೊಳಗೇ ಕರಗಿಸುತ್ತದೆಂಬುದು ಮಾತ್ರ ಹೊಳೆಯಲಿಲ್ಲ. ಪರೀಕ್ಷೆಯ ಹಿಂದಿನ ಮಧ್ಯಾಹ್ನ, ಮೇ ತಿಂಗಳ ಸೆಕೆಯಲ್ಲಿ, ಅಕ್ಷತಾ ಗಾಂಧಾರವನ್ನು ಒತ್ತಿದಾಗ ಮೆಟ್ಟಿಲು ವಾಲಿಕೊಂಡಿತು. ಗಿರಿಜಾಂಬಾ ಅವರು ಬೆರಳಿಟ್ಟು ನೋಡಿದರೆ ಮೇಣ ಬೆಣ್ಣೆಯಂತಿತ್ತು. ಇನ್ನೊಂದು ವೀಣೆಯ ಗತಿಯೂ ಅದೇ. ಮೇಣ ತೆಗೆದು ಹೊಸದಾಗಿ ಮೆಟ್ಟಿಲು ಕೂರಿಸುವುದು ವಾರದ ಕೆಲಸ.

“ನಾನೇ ಹಾಳು ಮಾಡ್ಬಿಟ್ನಲ್ಲೇ,” ಎಂದು ಅವರು ನೆಲದ ಮೇಲೆ ಕುಳಿತುಬಿಟ್ಟರು. ಆಮೇಲೆ ಕೈಯೂರಿ ಎದ್ದು, “ನಿನ್ನ ಸ್ನೇಹಿತೇರ ಯಾರದಾದ್ರೂ ವೀಣೆ ಕೇಳೋಣ,” ಎಂದರು.

“ಯಾರ್ದೂ ಬೇಡ ಮೇಡಂ. ಅವರು ಕೊಡಲ್ಲ. ನಾನೂ ಕೇಳಲ್ಲ.”

“ಯಾಕೆ ಕೊಡಲ್ಲ?”

“ನೀವು ತೋರ್ಸಿದ್ರಲ್ಲ ಮೇಡಂ, ನನ್ನ ತಂತೀನ, ಎಲ್ಲರ್ಗೂ.”

ಅವಳ ದನಿಯಲ್ಲಿ ದೂರಿರಲಿಲ್ಲ. ಅದಕ್ಕೇ ಆ ಮಾತು ಗಿರಿಜಾಂಬಾ ಅವರನ್ನು ಬಹಳ ಆಳಕ್ಕೆ ತಾಗಿತು. ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದ ಖುಷಿಯಲ್ಲಿ, ಆ ಉತ್ತರ ಒಬ್ಬ ಹುಡುಗಿಯ ಕೈ ಎಂಬುದನ್ನು ತಾವು ಮರೆತಿದ್ದೆವೆಂದು ಅವರು ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಮರುದಿನ ಬೆಳಿಗ್ಗೆ ಜಯಲಕ್ಷ್ಮಿಪುರದ ಮನೆಯ ಮುಂದೆ ಆಟೋ ಬಂದು ನಿಂತಾಗ ಅವರ ತಾಯಿ ಮಂಗಳಮ್ಮನವರು ಬಾಗಿಲಿಗೆ ಅಡ್ಡ ಬಂದರು. “ಏನೇ ಇದು, ತಾತನ ವೀಣೆ ಹೊಸಲು ದಾಟೋದೇ? ನಿನ್ನ ತಮ್ಮನ ಮದುವೇಲೇ ಕೊಡ್ಲಿಲ್ಲ!”

“ಅವನ ಮದುವೇಲಿ ನಾದಸ್ವರ ಇತ್ತಮ್ಮ. ಸ್ವಲ್ಪ ಸರ್ಕೋ, ಬಿರಡೆ ತಾಗತ್ತೆ.”

“ಯಾರು ನುಡಿಸ್ತಾರೆ?”

“ಎಣ್ಣೆ ಅಂಗ್ಡಿ ರುದ್ರಸ್ವಾಮಿಯವರ ಮಗಳು. ಕೈ ಬೆವರತ್ತೆ. ತಂತಿ ಹಾಳಾಗತ್ತೆ. ಎಲ್ಲಾ ಗೊತ್ತಿದ್ದೇ ತಗೊಂಡ್ಹೋಗ್ತಿದೀನಿ.”

ಮಂಗಳಮ್ಮನವರು ಸರಿದು ನಿಂತರು. ಒಪ್ಪಿ ಸರಿದರೋ ಶ್ರುತಿ ಮಾಡುವ ಬಿರಡೆಗೆ ಪೆಟ್ಟಾದೀತೆಂದು ಹೆದರಿ ಸರಿದರೋ ಇಂದಿಗೂ ಸ್ಪಷ್ಟವಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಅಕ್ಷತಾ ಆ ವೀಣೆಯ ಮುಂದೆ ಕೈಕಟ್ಟಿ ಕುಳಿತಳು. “ಇದನ್ನ ಮುಟ್ಟಲ್ಲ ಮೇಡಂ. ತುಕ್ಕು ಹಿಡಿಯತ್ತೆ.”

“ಹಿಡೀಲಿ ಬಿಡೇ. ರಾತ್ರಿ ಹೊಸ ತಂತಿ ಕಟ್ಟಿದೀನಿ. ಸಂಜೆ ಅದನ್ನ ಬಿಚ್ಚಿ ಇನ್ನೊಂದು ಕಟ್ತೀನಿ. ತಂತಿ ಇರೋದೇ ಸವೆಯೋಕೆ,” ಎನ್ನುತ್ತ ಗಿರಿಜಾಂಬಾ ಅವರು ತೆಳುವಾದ ಬಿಳಿ ಬಟ್ಟೆಯೊಂದನ್ನು ಅವಳ ತೊಡೆಯ ಮೇಲಿಟ್ಟರು. “ಒಂದೊಂದು ರಾಗ ಮುಗಿದಾಗ್ಲೂ ಮೊದಲು ಕೈ ಒರೆಸ್ಕೋ, ಆಮೇಲೆ ತಂತಿ ಒರೆಸು. ಎಣ್ಣೆ ಒಂದೇ ಒಂದು ತೊಟ್ಟು. ಕೊಬ್ಬರಿ ಎಣ್ಣೇನೇ.”

ವೆಂಕಟಸುಬ್ಬಯ್ಯನವರು ಕನ್ನಡಕ ಏರಿಸಿ, “ಏನ್ರೀ ಗಿರಿಜಾಂಬಾ, ಪರೀಕ್ಷೆ ವೀಣೆಗೋ ಬಟ್ಟೆ ಒಗೆಯೋದಕ್ಕೋ?” ಎಂದರು. ಆಮೇಲೆ, ಎಂದೋ ಅರಮನೆಯ ಕಛೇರಿಯಲ್ಲಿ ಕಂಡಿದ್ದ ವೀಣೆಯೆಂದು ಗುರುತು ಹಿಡಿದು ನೆಟ್ಟಗೆ ಕುಳಿತರು.

ಅಕ್ಷತಾ ಭೈರವಿಯನ್ನು ನುಡಿಸಿದಳು. ಒರೆಸಿದಳು. ಕಲ್ಯಾಣಿಯನ್ನು ನುಡಿಸಿದಳು. ಒರೆಸಿದಳು. ನಡುವೆ ಒಂದೆರಡು ಕಡೆ ಬೆರಳು ಅಂಟಿ ತಂತಿ ಕೂಗಿದ್ದೂ ಉಂಟು. ಆಗೆಲ್ಲ ಗಿರಿಜಾಂಬಾ ಅವರ ಕೈ ತಮ್ಮ ಸೆರಗನ್ನು ಹಿಂಡುತ್ತಿದ್ದುದನ್ನು ಬಾಗಿಲ ಬಳಿ ನಿಂತಿದ್ದವರು ಕಂಡಿದ್ದಾರೆ. ಮುಗಿದ ಮೇಲೆ ಪರೀಕ್ಷಕರು ಅಂಕಪಟ್ಟಿಯಲ್ಲಿ ಬರೆದು ಲೇಖನಿ ಕೆಳಗಿಟ್ಟರು.

“ಎರಡು ಕಡೆ ಕಿರ್ ಅಂತು,” ಎಂದರು ಕೊನೆಗೆ. “ಆದ್ರೆ ಭೈರವಿ ಭೈರವಿಯಾಗೇ ಇತ್ತು. ಪಾಸಾಗಿದೀಯ ಕಣಮ್ಮ. ಕೈ ಬಗ್ಗೆ ನಾನಂದಿದ್ದು ಮರೆತ್ಬಿಡು.” ಆಮೇಲೆ ದನಿ ತಗ್ಗಿಸಿ ಗಿರಿಜಾಂಬಾ ಅವರನ್ನು, “ಅದೇನೋ ಭೂತಗನ್ನಡೀಲಿ ತಂತಿ ನೋಡಿದ್ರಂತಲ್ಲ, ನನಗೂ ತೋರಿಸ್ತೀರಾ?” ಎಂದು ಕೇಳಿದರು. ಇಬ್ಬರೂ ಸಸ್ಯಶಾಸ್ತ್ರ ವಿಭಾಗದ ಕಡೆಗೆ ಹೊರಟದ್ದನ್ನು ಕಂಡು, ಹೊರಗೆ ಕಾದಿದ್ದ ರುದ್ರಸ್ವಾಮಿಯವರು ಗಾಬರಿಯಿಂದ, “ಅಲ್ಯಾಕ್ ಓಯ್ತಾವ್ರೆ? ಇನ್ನೇನಾದ್ರೂ ಪರೀಕ್ಷೆ ಐತಾ?” ಎಂದು ಮಗಳನ್ನು ಕೇಳಿದರು.

ಆ ವರ್ಷದಿಂದ ವಿಭಾಗದಲ್ಲಿ ಎರಡು ಪದ್ಧತಿಗಳು ಬಂದವು. ಪ್ರತಿಯೊಂದು ವೀಣೆಯ ಪಕ್ಕದಲ್ಲಿ ಒಣಬಟ್ಟೆ ಇರಬೇಕು. ಯಾವ ವೀಣೆಯ ಮುಂದೆಯೂ ಯಾರು ಬೇಕಾದರೂ ಕೂರಬಹುದು. ಹೊಸದಾಗಿ ಸೇರುವವರ ಬೆರಳುಗಳನ್ನು ನೋಡಿ ಭವಿಷ್ಯ ಹೇಳುವ ಹಳೆಯ ರೂಢಿಯನ್ನು ಗಿರಿಜಾಂಬಾ ಅವರು ಸದ್ದಿಲ್ಲದೆ ನಿಲ್ಲಿಸಿದರು. ಹೊಸಲು ದಾಟಿದ ವೀಣೆ ಸಂಜೆ ಮನೆಗೆ ಮರಳಿತಾದರೂ ಅದರ ಸುತ್ತಲಿದ್ದ ಕಟ್ಟಳೆ ಮರಳಲಿಲ್ಲ. ಆಮೇಲೆ ಆ ಮುಂದಿನ ಕೋಣೆಯಲ್ಲಿ ಅದನ್ನು ನುಡಿಸದ ಶಿಷ್ಯೆಯರೇ ಕಡಿಮೆ. ಅಕ್ಷತಾ ಈಗ ಕುಂಬಾರಕೊಪ್ಪಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಅವಳ ಕೈ ಇನ್ನೂ ಬೆವರುತ್ತದೆ.

ಗಿರಿಜಾಂಬಾ ಅವರ ಪ್ರಶ್ನೆಗಳು ನಿವೃತ್ತಿಯಾಗುವ ಲಕ್ಷಣ ಕಾಣುತ್ತಿಲ್ಲ. ಮಳೆಗಾಲದಲ್ಲಿ ವೀಣೆಯ ಉದ್ದನೆಯ ದಂಡಿಯ ಮರ ಶ್ರುತಿಯನ್ನು ಏಕೆ ಕೆಡಿಸುತ್ತದೆ ಎಂದು ಈಚೆಗೆ ಕಮಲ ಅವರನ್ನು ಪೀಡಿಸತೊಡಗಿದ್ದಾರೆ. ಆ ಹುಡುಕಾಟಕ್ಕೆ ಬೇಕಾದ ಆರೋಗ್ಯವೂ ಆಯುಸ್ಸೂ ಅವರಿಗೆ ಧಾರಾಳವಾಗಿ ದೊರೆಯಲಿ. ಅವರ ಮನೆಯ ವೀಣೆಯ ತಂತಿಗಳು ಎಲ್ಲ ಬಗೆಯ ಕೈಗಳಲ್ಲಿ ಇನ್ನೂ ಬಹುಕಾಲ ಸವೆಯುತ್ತಿರಲಿ.