ವಿಟ್ನೆಸೆತ್ ಮತ್ತು ಸೋದರತ್ತೆಯ ದಾರಿ

ಮೊನ್ನೆ ಸೋದರತ್ತೆ ಓದಿಸಲು ತಂದ ಜಮೀನಿನ ಪತ್ರದಲ್ಲಿ ಆ ಪದ ಮತ್ತೆ ಸಿಕ್ಕಿತು. ಪುಟದ ನಡುವೆ, ದಪ್ಪಕ್ಷರದಲ್ಲಿ, ಮದುಮಗನ ಹಾಗೆ ಬೀಗುತ್ತ ಕೂತಿತ್ತು: ವಿಟ್ನೆಸೆತ್. ನಿಮ್ಮ ಬೀರುವಿನಲ್ಲಿರುವ ಇಂಗ್ಲಿಷ್ ಪತ್ರ ತೆಗೆದು ನೋಡಿ, ಅಲ್ಲೂ ಇರುತ್ತದೆ.

ಅರ್ಥ ‘ಸಾಕ್ಷಿ ಹೇಳುತ್ತದೆ’, ಅಷ್ಟೇ. ಬಾಲದ ‘ಎತ್’ ನಮ್ಮ ‘ಉತ್ತದೆ’ ಇದ್ದ ಹಾಗೆ. ಇಂಗ್ಲಿಷರು ಅದನ್ನು ನೂರಾರು ವರ್ಷಗಳ ಹಿಂದೆಯೇ ಬಿಟ್ಟು, ಅವರ ನಾಡಿನ ಉತ್ತರದ ಕಡೆಯವರ ‘ಎಸ್’ ಹಿಡಿದುಕೊಂಡರಂತೆ. ಅವರು ಬಿಸಾಡಿದ್ದನ್ನು ದೊಡ್ಡಬಳ್ಳಾಪುರದ ನಮ್ಮ ಪತ್ರಬರಹಗಾರರು ಜೋಪಾನವಾಗಿ ಸಾಕಿಕೊಂಡಿದ್ದಾರೆ.

ಈ ಪಾಂಡಿತ್ಯ ನನಗೆ ಬಂದದ್ದು ತಡವಾಗಿ. ನಮ್ಮ ವಂಶದ ಮೊದಲ ಬಿ.ಎ. ನಾನು. ಮಗ್ಗದ ಮನೆಯಲ್ಲಿ ದುಡಿದುಕೊಂಡು, ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ಸಂಪಾದಿಸಿದ್ದು. ಹೆಮ್ಮೆ ಕೊಂಚ ಜಾಸ್ತಿಯೇ ಇತ್ತು. ನಮ್ಮಲ್ಲಿ ಪತ್ರ ಇಂಗ್ಲಿಷಿನಲ್ಲಿದ್ದರೇ ತೂಕ. ಓದಿದವನೊಬ್ಬ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿ ‘ಸರಿಯಾಗಿದೆ’ ಅನ್ನಬೇಕು, ಆಮೇಲೆ ಹೆಬ್ಬೆಟ್ಟು.

ಅಪ್ಪ, ದೊಡ್ಡಪ್ಪ, ಸೋದರತ್ತೆ ಜಮೀನು ಭಾಗ ಮಾಡಿಕೊಂಡ ದಿನ ಆ ಪಟ್ಟ ನನಗೆ ಬಂತು. ಅತ್ತೆಯ ಪಾಲು ಹಿಂದುಗಡೆಯ ಹಿಪ್ಪುನೇರಳೆ ತೋಟ. ದೊಡ್ಡಪ್ಪನ ಹೊಲ ದಾಟಿಯೇ ಹೋಗಬೇಕು. ಆ ದಾರಿಯೊಂದು ಪತ್ರದಲ್ಲಿ ಬಂದರೆ ಸಾಕು ಅಂದಿದ್ದಳು.

ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಕೂತು ಓದತೊಡಗಿದೆ. ವಿಟ್ನೆಸೆತ್ ಬಂತು. ಓದು ಅಲ್ಲೇ ನಿಂತಿತು. ಕೋರ್ಟಿನ ಪದ, ನಿಮಗೆಲ್ಲ ತಿಳಿಯುವುದಿಲ್ಲ ಎಂದು ಗಾಂಭೀರ್ಯ ತಂದುಕೊಂಡೆ. ಇನ್ನೊಂದು ಇಂಥದೇ ಎದುರಾದರೆ ಗತಿಯೇನೆಂದು ಉಳಿದ ಪುಟಗಳನ್ನು ಸುಮ್ಮನೆ ಮಗುಚಿದೆ.

“ದಾರಿ ಬರ್ದವ್ರೇನಪ್ಪಾ?” ಅಂದಳು ಅತ್ತೆ.

“ಎಲ್ಲಾ ಐತೆ, ಒತ್ತು ಅತ್ತೆ.”

ಇರಲಿಲ್ಲ. ದೊಡ್ಡಪ್ಪ ಹೊಲ ಮಾರಿದರು. ಕೊಂಡವರು ಕಾಂಪೌಂಡ್ ಎಬ್ಬಿಸಿದರು. ಅಲ್ಲಿಂದಾಚೆಗೆ ಅತ್ತೆ ಸೊಪ್ಪಿನ ಹೊರೆ ಹೊತ್ತು ಕೆರೆ ಏರಿಯ ಮೇಲೆ ಸುತ್ತಿಯೇ ಬರುತ್ತಿದ್ದಳು. ಆ ಪತ್ರಕ್ಕೆ ಸಾಕ್ಷಿಯೆಂದು ಸಹಿ ಹಾಕಿದ ಮಹಾನುಭಾವನೂ ನಾನೇ, ಹೆಸರಿನ ಮುಂದೆ ಬಿ.ಎ. ಸಮೇತ.

ಕೊಂಡವರು ಈಗ ದಾರಿ ಬಿಡಲು ಒಪ್ಪಿದ್ದಾರೆ. ಮೊನ್ನೆ ಅತ್ತೆ ತಂದದ್ದು ಅದರದೇ ಪತ್ರ. ಅವತ್ತು ಆ ಪದ ನನಗೆ ಗೊತ್ತಿರಲಿಲ್ಲ ಎಂದು ಇಷ್ಟು ವರ್ಷಕ್ಕೆ ಬಾಯಿಬಿಟ್ಟೆ.

“ನಂಗೆ ಗೊತ್ತಿತ್ತು ಕಣೋ,” ಅಂದಳು. “ನಿನ್ ಕಿವಿ ಕೆಂಪಗಾಗಿತ್ತು. ಅಷ್ಟು ಜನದ ಮುಂದೆ ಇನ್ನೇನ್ ಕೇಳೋದು ಅಂತ ಒತ್ಬಿಟ್ಟೆ.”

ಈ ಸಲ ಕೊನೆಯ ಪುಟದಿಂದ ಶುರುಮಾಡಿದೆ. ದಾರಿ ಎಷ್ಟು ಅಡಿ, ಎಲ್ಲಿಂದ ಎಲ್ಲಿಗೆ ಎಂದು ಬೆರಳಿಟ್ಟು ಓದಿದೆ. ತಿಳಿಯದ ಪದಗಳು ಮೂರು ಬಂದವು. ಮೂರು ಸಲವೂ ಗೊತ್ತಿಲ್ಲ ಅಂದೆ. ಮೂರು ಸಲವೂ ಅತ್ತೆ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.